ಉಡುಪಿ, ಮಂಗಳೂರಿಗೆ ಮಳೆ ಮುನ್ಸೂಚನೆ ಕಡಿಮೆಯೇ ಹೇಳುತ್ತಾರಾ?

ಆರೆಂಜ್ ಅಲರ್ಟ್ ಅಂದ ದಿನ ರೆಡ್‌ನಷ್ಟು ಸುರಿಯುತ್ತದೆ, ಹವಾಮಾನ ಇಲಾಖೆ ಬೇಕಂತಲೇ ಕಡಿಮೆ ಹೇಳುತ್ತದೆಯಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ತೋಟ ಹಿರಿಯಡ್ಕದ ಹತ್ತಿರ, ಸ್ವರ್ಣಾ ಹೊಳೆಯಿಂದ ಸ್ವಲ್ಪ ಮೇಲೆ. ಅಂಗಳದಲ್ಲಿ ಮಳೆಮಾಪಕ ಇದೆ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ 8.30ಕ್ಕೆ ಬರೆದಿಡುತ್ತೇನೆ. ರೆಡ್ ಅಲರ್ಟ್ ಇದ್ದು 30 ಮಿ.ಮೀ. ಕೂಡ ಬಾರದ ದಿನಗಳು ಆ ಪುಸ್ತಕದಲ್ಲಿ ಬೇಕಷ್ಟಿವೆ.

ತೊಂದರೆ ಇರುವುದು ಈ ಬಣ್ಣಗಳ ಹಿಂದೆ ಇಲಾಖೆ ಮಳೆಗೆ ಇಟ್ಟಿರುವ ಹೆಸರುಗಳಲ್ಲಿ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಂದರೆ ಭಾರಿ ಮಳೆ. 204.4ರವರೆಗೆ ಅತಿ ಭಾರಿ. ಅದರ ಮೇಲೆ ಎಷ್ಟೇ ಬರಲಿ, ಹೆಸರು ಒಂದೇ, ಅತ್ಯಂತ ಭಾರಿ. ತುಳುವರ ಆಟಿ ತಿಂಗಳಲ್ಲಿ, ಅಂದರೆ ಮಳೆಗಾಲದ ನಡುವೆ, 210 ಬಂದರೆ ನಮ್ಮ ತೋಡು ತುಂಬಿ ಹರಿಯುತ್ತದೆ, ಅಷ್ಟೇ. 350 ಬಂದರೆ ಗದ್ದೆ ಯಾವುದು, ಹೊಳೆ ಯಾವುದು ಗೊತ್ತಾಗುವುದಿಲ್ಲ. 2020ರ ಸೆಪ್ಟೆಂಬರ್ 20ರಂದು ಉಡುಪಿ ಮುಳುಗಿತಲ್ವಾ, ಆವತ್ತು ನನ್ನ ಮಾಪಕ ತುಂಬಿ ಚೆಲ್ಲಿಹೋಗಿತ್ತು. ಲೆಕ್ಕವೇ ಸಿಗಲಿಲ್ಲ. ಆ ಪುಟ ಈಗಲೂ ಖಾಲಿ.

ಇನ್ನೊಂದು, ಬಣ್ಣ ಇಡೀ ಜಿಲ್ಲೆಗೆ ಒಂದೇ. ಮಲ್ಪೆಯ ಕಡಲ ಬದಿಗೂ ಅದೇ, ಘಟ್ಟದ ಬುಡದ ಹೆಬ್ರಿಗೂ ಅದೇ. ಕಡಲಿಂದ ಬಂದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗಿ ಅಲ್ಲೇ ಸುರಿಯುತ್ತದೆ. ಮೇಲಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವುದು ಸುಮ್ನೆ ಅಲ್ಲ.

ದಿನದ ಲೆಕ್ಕವೂ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ನಸುಕಿನಲ್ಲಿ ಹಿಡಿದು ಮಧ್ಯಾಹ್ನದವರೆಗೆ 200 ಸುರಿದರೆ ಪುಸ್ತಕದಲ್ಲಿ ಎರಡು ದಿನಕ್ಕೆ ನೂರು ನೂರು. ಮನೆಗೆ ನೀರು ನುಗ್ಗಿದವರಿಗೆ ಅದು ಒಂದೇ ಮಳೆ.

ಮಂಗಳೂರಿನ ಕಥೆ ಬೇರೆ. ಅಲ್ಲಿ ದಿನದ ಮೊತ್ತಕ್ಕಿಂತ ಗಂಟೆಗೆ ಎಷ್ಟು, ಆಗ ಕಡಲಿನಲ್ಲಿ ಉಬ್ಬರ ಇದೆಯಾ ಅನ್ನುವುದು ಮುಖ್ಯ. ಉಬ್ಬರವಿದ್ದರೆ ತಗ್ಗಿನ ಕಾಲುವೆಗಳ ನೀರು ಬೇಗ ಇಳಿಯುವುದಿಲ್ಲ. 2018ರ ಮೇ 29ರಂದು ಕೇರಳಕ್ಕೆ ಮುಂಗಾರು ಬಂತು ಅಂತ ಘೋಷಿಸಿದರು. ಅದೇ ದಿನ ಮಂಗಳೂರು ಮುಳುಗಿತು. ಮಳೆಗಾಲಕ್ಕೆ ಇನ್ನೂ ಸಮಯ ಇದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. 2020ರ ಉಡುಪಿಯ ನೆರೆ ಬಂದಿದ್ದು ತುಳುವರ ನಿರ್ನಾಲ ತಿಂಗಳಲ್ಲಿ, ಮಳೆ ಮುಗಿಯಿತು ಅನ್ನುವ ಹೊತ್ತಿಗೆ.

ಸಂಖ್ಯೆ ಏರಿಸಿ ಹೇಳಿದರೆ ಜನ ನಂಬುವುದನ್ನೇ ಬಿಡುತ್ತಾರೆ. ಈಗಲೇ ರಜೆ ಕೊಟ್ಟ ದಿನ ಬಿಸಿಲು ಬಂದರೆ ಎಷ್ಟು ಬೈಯುತ್ತಾರೆ ನೋಡಿ. ನೀವು ಬಣ್ಣ ನೋಡಿ ಬಿಡಬೇಡಿ. ಮಳೆ ಹಿಡಿದ ಮೇಲೆ ಮುಂದಿನ ಮೂರು ಗಂಟೆಗಳ ಮುನ್ಸೂಚನೆ ನೋಡುತ್ತಾ ಇರಿ, ಜೊತೆಗೆ ಉಬ್ಬರದ ಸಮಯವನ್ನೂ. ನಿಮ್ಮ ಊರಿನ ಮಟ್ಟದ ಮಾಹಿತಿ ಬೇಕಿದ್ದರೆ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಕೇಳಿ.