ತಾತನ ಮನೆ ಕೆಡವದಂತೆ ಕಾನೂನು ತಡೆಯುತ್ತದೆಯೇ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ತಾತ 1936ರಲ್ಲಿ ಕಟ್ಟಿಸಿದ ಮನೆಯಿದೆ. ಗಾರೆ ಗೋಡೆ, ಮಂಗಳೂರು ಹೆಂಚು, ತೇಗದ ಕಂಬಗಳು. ಖಾತೆ ಅಣ್ಣ, ಅಕ್ಕ, ನನ್ನ ಹೆಸರಿನಲ್ಲಿ ಜಂಟಿಯಾಗಿದೆ. ಬಿಲ್ಡರ್‌ಗೆ ಕೊಟ್ಟು ಅಪಾರ್ಟ್‌ಮೆಂಟ್ ಕಟ್ಟಿಸೋಣ ಅಂತ ಅವರಿಬ್ಬರೂ ಹೇಳುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಪಾರಂಪರಿಕ ಕಟ್ಟಡ ಎಂದು ಕಾನೂನು ಇದನ್ನು ತಡೆಯುತ್ತದೆಯೇ?
– ಹೆಸರು ಬೇಡ, ಮೈಸೂರು

ಉತ್ತರ: ಅದನ್ನೇ ನಂಬಿ ಕೂರಬೇಡಿ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಕಟ್ಟಡ ಕನಿಷ್ಠ 100 ವರ್ಷ ಹಳೆಯದಿರಬೇಕು. ನಿಮ್ಮದಕ್ಕೆ ಅಷ್ಟು ವಯಸ್ಸಾಗಿಲ್ಲ. ಯೋಜನಾ ಪ್ರಾಧಿಕಾರ ಪಾರಂಪರಿಕ ಕಟ್ಟಡ ಎಂದು ಘೋಷಿಸಿದ್ದರೆ ಮಾತು ಬೇರೆ. ಪರಂಪರೆ ಇಲಾಖೆಯ ಮುಖ್ಯ ಕಚೇರಿ ನಿಮ್ಮ ಊರಲ್ಲೇ ಇದೆ, ಹೋಗಿ ವಿಚಾರಿಸಿ. ಮನೆಯ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಫೋಟೋ, ಹಳೆಯ ಪತ್ರಗಳ ಸಮೇತ ಈಗಲೇ ಅರ್ಜಿ ಕೊಡಿ. ಯಾದವಗಿರಿಯ ಆರ್. ಕೆ. ನಾರಾಯಣ್ ಅವರ ಮನೆ 2011ರಲ್ಲಿ ಉಳಿದದ್ದು ಕೆಡವಲು ಶುರು ಮಾಡಿದ ಮೇಲೆ. ಜನ ದನಿ ಎತ್ತಿದರು, ಪಾಲಿಕೆ ಅದನ್ನು ಕೊಂಡುಕೊಂಡಿತು, 2016ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಅಷ್ಟು ದೊಡ್ಡ ಹೆಸರಿಲ್ಲದ ಮನೆಗೆ ಸರ್ಕಾರ ದುಡ್ಡು ಕೊಡುವುದು ಕಷ್ಟ.

ನಿಮ್ಮ ನಿಜವಾದ ಬಲ ನಿಮ್ಮ ಸಹಿ. ಪಾಲು ಆಗದ ಆಸ್ತಿಯಲ್ಲಿ ನಿಮ್ಮ ಹಕ್ಕನ್ನು ಬೇರೆಯವರು ಬಿಲ್ಡರ್‌ಗೆ ಬರೆದುಕೊಡಲು ಆಗುವುದಿಲ್ಲ. ಆದರೆ ಅವರು ವಿಭಾಗದ ದಾವೆ ಹೂಡಬಹುದು. ಒಂದೇ ಮನೆಯನ್ನು ಮೂರು ಹೋಳು ಮಾಡಲು ಆಗಲ್ಲ ಅಲ್ವಾ? ಆಗ 1893ರ ವಿಭಾಗ ಕಾಯ್ದೆ ಬರುತ್ತದೆ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲಿನವರು ಕೇಳಿದರೆ ಕೋರ್ಟು ಮಾರಾಟಕ್ಕೆ ಹೇಳಬಹುದು. ಅವರಿಬ್ಬರೂ ಸೇರಿದರೆ ಅರ್ಧಕ್ಕಿಂತ ಜಾಸ್ತಿಯೇ ಆಗುತ್ತದೆ. ಆದರೆ ಅದೇ ಕಾಯ್ದೆಯ 3ನೇ ಕಲಮಿನಲ್ಲಿ ನಿಮಗೂ ದಾರಿಯಿದೆ. ಕೋರ್ಟು ಕಟ್ಟಿಸಿದ ಬೆಲೆಗೆ ಅವರ ಪಾಲನ್ನು ನೀವೇ ಕೊಳ್ಳಬಹುದು. ಹಾಗಾಗಿ ಬ್ಯಾಂಕ್ ಸಾಲ ಎಷ್ಟು ಸಿಗುತ್ತದೆ ಎಂದು ಮೊದಲೇ ವಿಚಾರಿಸಿ.

ಇನ್ನೊಂದು ಮಾತು. ‘ಮನೆ ಹಳೇದು, ಬಿದ್ದುಹೋಗುತ್ತೆ’ ಎಂಬ ಬಿಲ್ಡರ್ ಮಾತನ್ನು ಸುಮ್ನೆ ಒಪ್ಪಬೇಡಿ. ಹಳೆಯ ಮನೆಗಳ ಕೆಲಸ ಬಲ್ಲ ಆರ್ಕಿಟೆಕ್ಟ್‌ಗೆ ತೋರಿಸಿ, ಬರಹದಲ್ಲಿ ವರದಿ ತೆಗೆದುಕೊಳ್ಳಿ. ಹೆಂಚು, ರೀಪರು ಬದಲಿಸಬಹುದು. ಗಾರೆ ಗೋಡೆಗೆ ಮಾತ್ರ ಸಿಮೆಂಟ್ ಪ್ಲಾಸ್ಟರ್ ಬೇಡ. ಒಳಗಿನ ತೇವ ಹೊರಗೆ ಹೋಗಲಾರದೆ ಗೋಡೆ ಹಾಳಾಗುತ್ತದೆ.

ಅಣ್ಣ, ಅಕ್ಕನಿಗೆ ಹಣದ ಅಗತ್ಯ ನಿಜವಾಗಿಯೂ ಇರಬಹುದು. ಎಷ್ಟು, ಯಾವಾಗ ಬೇಕು ಎಂದು ಕೂತು ಕೇಳಿ. ಮನೆಯ ಒಂದು ಭಾಗವನ್ನು ಕಚೇರಿಗೋ ಹೋಂಸ್ಟೇಗೋ ಬಾಡಿಗೆಗೆ ಕೊಟ್ಟರೆ ಎಷ್ಟು ಬರುತ್ತದೆಂಬ ಲೆಕ್ಕವನ್ನೂ ಅವರ ಮುಂದಿಡಿ. ಅಲ್ಲಿಯವರೆಗೆ ಜಾಯಿಂಟ್ ಡೆವಲಪ್‌ಮೆಂಟ್ ಕರಾರಿಗಾಗಲಿ, ಪವರ್ ಆಫ್ ಅಟಾರ್ನಿಗಾಗಲಿ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.