ಶಿವಮೊಗ್ಗದ ಹಳೇ ಪೇಟೆಯಲ್ಲಿ ಫ್ಲ್ಯಾಟ್ ಹಿಡಿದು ಕಾರಿಲ್ಲದೆ ಇರಬಹುದಾ?

ನೀವು ಕೇಳಿರೋದು ಇಷ್ಟು: ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡ್ತಾ ಇಬ್ಬರೇ ಶಿವಮೊಗ್ಗಕ್ಕೆ ಬರ್ತಿದ್ದೀರಿ, ಕಾರು ಇಟ್ಟುಕೊಳ್ಳುವ ಮನಸ್ಸಿಲ್ಲ. ಕೋಟೆ ರಸ್ತೆ, ಗಾಂಧಿ ಬಜಾರ್, ದುರ್ಗಿಗುಡಿ ಸುತ್ತ ಎರಡು ಬೆಡ್‌ರೂಮಿನ ಫ್ಲ್ಯಾಟ್ ಬೇಕು. ಏನು ನೋಡಿ ಹಿಡಿಯಬೇಕು, ರಜೆ ದಿನ ಎಲ್ಲಿಗೆ ಹೋಗಬಹುದು?

ಧಾರಾಳವಾಗಿ ಇರಬಹುದು. ಆದರೆ ಫ್ಲ್ಯಾಟ್ ನೋಡೋಕೆ ಫೆಬ್ರವರಿ, ಮಾರ್ಚಿನಲ್ಲಿ ಬರಬೇಡಿ. ಬೇಸಿಗೆಯಲ್ಲಿ ಇಲ್ಲಿನ ಯಾವ ಮನೆಯೂ ತನ್ನ ಹುಳುಕು ತೋರಿಸಲ್ಲ. ಸಾಧ್ಯವಾದರೆ ಜುಲೈನಲ್ಲಿ, ನಾಲ್ಕು ದಿನ ಬಿಡದೆ ಮಳೆ ಹೊಡೆದ ಮೇಲೆ ಬನ್ನಿ. ಆಗಲ್ಲ ಅಂದರೆ ಮಳೆಗಾಲದ ಗುರುತುಗಳನ್ನು ಬೇಸಿಗೆಯಲ್ಲೇ ಓದೋದನ್ನು ಕಲಿಯಬೇಕು.

ಮೊದಲು ಹೊಳೆ. ಹಳೇ ಪೇಟೆ ತುಂಗೆಯ ದಡದಲ್ಲೇ ಬೆಳೆದದ್ದು, ಎಲ್ಲಾ ಬೀದಿಯೂ ಒಂದೇ ಎತ್ತರದಲ್ಲಿಲ್ಲ. 2019ರ ಆಗಸ್ಟ್‌ನಲ್ಲಿ ಕುಂಬಾರ ಗುಂಡಿ, ಇಮಾಂಬಾಡ, ಆಚೆ ದಡದ ವಿದ್ಯಾನಗರದ ತಗ್ಗು ಭಾಗಗಳಿಗೆಲ್ಲ ನೀರು ನುಗ್ಗಿತ್ತು. ಮೇಲೆ ಗಾಜನೂರಿನಲ್ಲಿ ಅಣೆಕಟ್ಟು ಇದೆಯಲ್ಲ ಅಂತ ನಂಬಿ ಕೂರಬೇಡಿ. ಅದು ಸುಮಾರು 3.24 ಟಿಎಂಸಿಯ ಸಣ್ಣ ಜಲಾಶಯ, ಗರಿಷ್ಠ ಮಟ್ಟ 588.24 ಮೀಟರ್. ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಜೋರಾದರೆ ಬೇಗ ತುಂಬುತ್ತೆ, ಆಮೇಲೆ ಬಂದಷ್ಟು ನೀರನ್ನೂ ಹೊಳೆಗೇ ಬಿಡಬೇಕು. ಊರಿಗೆ ಅಲ್ಲಿಂದ ಹೆಚ್ಚು ದೂರವಿಲ್ಲ. ಊರಿನವರ ಅಳತೆಗೋಲು ಬೇರೆಯೇ ಇದೆ: ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಮಂಟಪ. ಮಂಟಪ ಮುಳುಗಿತು ಅನ್ನೋ ಸುದ್ದಿ ಬಂದರೆ ತಗ್ಗಿನ ಬೀದಿಯವರು ಸಾಮಾನು ಮೇಲೆತ್ತೋಕೆ ಶುರು ಮಾಡ್ತಾರೆ.

ನಿಮ್ಮ ಕಟ್ಟಡಕ್ಕೆ ಹೊಳೆ ಕಾಣದಿದ್ದರೂ ತೊಂದರೆ ಬರಬಹುದು. ಹೊಳೆ ಏರಿದಾಗ ರಾಜಕಾಲುವೆಯ ನೀರು ಹೊಳೆಗೆ ಇಳಿಯೋಕೆ ಜಾಗ ಸಿಗದೆ ಹಿಂದಕ್ಕೆ ಬರುತ್ತೆ, ನೆಲಮಹಡಿಯ ಬಚ್ಚಲು, ಪಾಯಖಾನೆಗಳಲ್ಲಿ ಉಕ್ಕುತ್ತೆ. ಹಾಗಾಗಿ ನೆಲಮಹಡಿಯ ಗೋಡೆಯಲ್ಲಿ ಮೊಣಕಾಲೆತ್ತರದ ಅಡ್ಡ ಕಲೆ ಇದೆಯಾ, ಸಂಪಿನ ಮುಚ್ಚಳ ರಸ್ತೆಗಿಂತ ಒಂದು ಅಡಿಯಾದರೂ ಎತ್ತರಕ್ಕಿದೆಯಾ ನೋಡಿ. 2019ರಲ್ಲಿ ಇಲ್ಲಿ ನೀರು ಎಲ್ಲಿಯವರೆಗೆ ಬಂತು ಅಂತ ಮಾಲೀಕರನ್ನಲ್ಲ, ಎದುರಿನ ಅಂಗಡಿಯವರನ್ನು ಕೇಳಿ.

ಇನ್ನು ಪಸೆ. ನಿಮಗೆ ಹೆಚ್ಚು ಕಾಟ ಕೊಡೋದು ಇದೇ, ಪ್ರವಾಹ ಅಲ್ಲ. ನಮ್ಮ ಮುಂಗಾರು ಗಾಳಿ ಪಶ್ಚಿಮ, ನೈಋತ್ಯದಿಂದ ಬರುತ್ತೆ, ಇರಚಲು ಆ ಕಡೆ ಗೋಡೆಗೇ ಬಡಿಯುತ್ತೆ. ಪಕ್ಕದಲ್ಲಿ ಕಟ್ಟಡದ ಮರೆಯಿಲ್ಲದ ಪಶ್ಚಿಮದ ಹೊರಗೋಡೆಗೆ ಮಲಗುವ ಕೋಣೆ ಅಂಟಿಕೊಂಡಿದ್ದರೆ ಬೀರುವಿನ ಬಟ್ಟೆಗೆಲ್ಲ ಬೂಷ್ಟು ಹಿಡಿಯೋದು ಗ್ಯಾರಂಟಿ. ಫ್ಲ್ಯಾಟ್ ನೋಡುವಾಗ ಹಾಲ್‌ನ ಟೈಲ್ಸ್ ಮೆಚ್ಚುತ್ತಾ ನಿಲ್ಲಬೇಡಿ. ಆ ಗೋಡೆಯ ಗೂಡು, ವಾರ್ಡ್‌ರೋಬ್ ತೆಗೆದು ಮೂಸಿ ನೋಡಿ. ಕಿಟಕಿಯ ಕೆಳಮೂಲೆಗಳಲ್ಲಿ ಬಣ್ಣ ಗುಳ್ಳೆ ಎದ್ದಿದೆಯಾ, ಬಿಳಿ ಉಪ್ಪಿನ ಹುಡಿ ಕೈಗೆ ಹತ್ತುತ್ತಾ ನೋಡಿ. ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಬೆರಳ ಗೆಣ್ಣಿನಿಂದ ತಟ್ಟಿ. ಡೊಳ್ಳು ಸದ್ದು ಬಂದರೆ ಒಳಗೆ ಗಾರೆ ಬಿಟ್ಟಿದೆ ಅಂತ ಅರ್ಥ. ಕಿಟಕಿ ಮೇಲಿನ ಸಜ್ಜಾ ಎರಡು ಅಡಿ ಹೊರಗೆ ಚಾಚಿದ್ದರೆ ಒಳ್ಳೆಯದು. ಹೊಸ ಕಟ್ಟಡಗಳಲ್ಲಿ ಅಂದಕ್ಕೆ ಅಂತ ಒಂದೇ ಅಡಿ ಬಿಟ್ಟಿರ್ತಾರೆ, ಅದು ಇಲ್ಲಿನ ಮಳೆಗೆ ಸಾಲಲ್ಲ. ಅಲ್ಯೂಮಿನಿಯಂ ಜಾರುಕಿಟಕಿಯಾದರೆ ಕೆಳಗಿನ ಹಳಿಯಲ್ಲಿ ನೀರು ಹೊರಹೋಗುವ ತೂತುಗಳು ಮುಚ್ಚಿಲ್ಲ ತಾನೇ ಅಂತ ಪರೀಕ್ಷಿಸಿ. ಅವು ಧೂಳು ಕಟ್ಟಿದರೆ ನೀರು ಒಳಗೋಡೆಗೇ ಇಳಿಯುತ್ತೆ, ಜನ ಸುಮ್ಮನೆ ಗೋಡೆಯನ್ನು ಬೈತಾರೆ.

ಮೇಲಿನ ಮಹಡಿ ಗಾಳಿ ಬೆಳಕಿಗೆ ಚೆಂದ. ಆದರೆ ಟೆರೇಸಿಗೆ ಶೀಟ್ ಹೊದಿಸಿದ್ದರೆ ಮಾತ್ರ ತಗೊಳ್ಳಿ. ಹೊರಗಿನವರಿಗೆ ಆ ಶೀಟ್ ಚಾವಣಿ ವಿಕಾರವಾಗಿ ಕಾಣಬಹುದು. ಅದರಿಂದ ಸ್ಲ್ಯಾಬ್ ಸೋರೋದು ತಪ್ಪುತ್ತೆ, ಏಪ್ರಿಲ್ ಬಿಸಿಲು ನೇರ ತಾಗಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಬಟ್ಟೆ ಒಣಗುತ್ತೆ. ಹಳ್ಳಿಮನೆಗಳಲ್ಲಾದರೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸ್ತಾರೆ. ಫ್ಲ್ಯಾಟಿನಲ್ಲಿ ಒಲೆ ಎಲ್ಲಿಂದ ತರ್ತೀರಿ? ಶೀಟಿನ ಕೆಳಗೆ ನಿಮ್ಮ ಪಾಲಿಗೆ ಹಗ್ಗ ಕಟ್ಟುವ ಹಕ್ಕು ಇದೆಯಾ ಅಂತ ಮೊದಲೇ ಬಾಯಿಬಿಟ್ಟು ಕೇಳಿ, ಆಮೇಲೆ ಜಗಳ ಆಗೋದು ಇದಕ್ಕೇ. ಇಲ್ಲದಿದ್ದರೆ ಒಂದು ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ಕೆಳಗೆ ಸ್ಟ್ಯಾಂಡ್ ಇಟ್ಟು, ಬಾಗಿಲನ್ನು ಒಂದು ಗೇಣು ತೆಗೆದಿಡಿ. ಪೂರ್ತಿ ಮುಚ್ಚಿದರೆ ಬಟ್ಟೆಯ ನೀರೆಲ್ಲ ಗೋಡೆ ಕುಡಿಯುತ್ತೆ. ಮಂಚ, ಬೀರುಗಳನ್ನು ಹೊರಗೋಡೆಯಿಂದ ಮೂರು ಇಂಚು ದೂರ ಇಡಿ. ಚರ್ಮದ ಚಪ್ಪಲಿ, ಬೆಲ್ಟು, ಬ್ಯಾಗುಗಳನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಬೀರುವಿನಲ್ಲಿ ಇಡಲೇಬೇಡಿ.

ನೀರಿಗೆ ಒಂದು ಸಣ್ಣ ಲೆಕ್ಕ ಸಾಕು. ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡೀತಾರೆ. ಎಂಟು ಫ್ಲ್ಯಾಟ್, ಮನೆಗೆ ನಾಲ್ಕು ಜನ ಅಂದರೆ ದಿನಕ್ಕೆ 4,320 ಲೀಟರ್. ಪೈಪ್ ಒಡೆದೋ ಮೋಟಾರ್ ಕೆಟ್ಟೋ ಎರಡು ದಿನ ನಲ್ಲಿ ನಿಂತರೂ ನಡೀಬೇಕಾದರೆ ಸಂಪು, ಮೇಲಿನ ಟ್ಯಾಂಕ್ ಸೇರಿ ಒಂಬತ್ತು ಸಾವಿರ ಲೀಟರ್‌ಗೆ ಕಡಿಮೆ ಇರಬಾರದು. ನಲ್ಲಿಯಲ್ಲಿ ಬರೋದು ತುಂಗೆಯ ಮೆದುನೀರು, ಅದಕ್ಕೆ ಆರ್‌ಓ ಹಾಕೋದು ದುಡ್ಡು ದಂಡ, ಯುವಿ ಫಿಲ್ಟರ್ ಸಾಕು. ಸಂಪಿಗೆ ಬೋರ್‌ವೆಲ್ ನೀರನ್ನೂ ಬೆರೆಸುತ್ತಿದ್ದರೆ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ, 500 ದಾಟಿದರೆ ಮಾತ್ರ ಆರ್‌ಓ ಯೋಚನೆ ಮಾಡಿ. ಹೊಸ ನೀರು ಬರುವ ಜೂನ್, ಜುಲೈನಲ್ಲಿ ಹೊಳೆ ಕೆಂಪಗೆ ಹರಿಯುತ್ತೆ, ಫಿಲ್ಟರ್‌ನ ಮುಂದಿನ ದಾರದ ಕ್ಯಾಂಡಲ್ ಬೇಗ ಕಟ್ಟಿಕೊಳ್ಳುತ್ತೆ. ಎರಡು ಕ್ಯಾಂಡಲ್ ಮನೆಯಲ್ಲಿ ಇಟ್ಟಿರಿ.

ಮನೆಯಿಂದ ಕೆಲಸ ಅಂದಿರಿ, ಹಾಗಾದರೆ ಗಾಳಿಮಳೆಗೆ ಕರೆಂಟು ಹೋಗೋದಕ್ಕೆ ತಯಾರಿರಿ. 150 ಎಎಚ್ ಬ್ಯಾಟರಿಯ ಒಂದು ಇನ್ವರ್ಟರ್ ಎರಡು ಫ್ಯಾನ್, ನಾಲ್ಕು ಎಲ್‌ಇಡಿ, ರೂಟರ್, ಲ್ಯಾಪ್‌ಟಾಪನ್ನು ನಾಲ್ಕೈದು ಗಂಟೆ ನಡೆಸುತ್ತೆ. ಮನೆಗೆ ಪ್ರತ್ಯೇಕ ಆರ್‌ಆರ್ ನಂಬರ್, ಅಂದರೆ ಕರೆಂಟಿನ ಸ್ವಂತ ಖಾತೆ ಸಂಖ್ಯೆ, ಇದೆಯಾ ನೋಡಿ. ಸಬ್‌ಮೀಟರ್ ಆದರೆ ಯೂನಿಟ್ ದರ ಮಾಲೀಕರ ಬಾಯಲ್ಲಿರುತ್ತೆ. ಕರಾರು ಹನ್ನೊಂದು ತಿಂಗಳಿಗೆ ಬರೆಯೋದು ವರ್ಷ ಮೀರಿದ ಬಾಡಿಗೆ ಪತ್ರಕ್ಕೆ ನೋಂದಣಿ ಕಡ್ಡಾಯ ಅನ್ನೋ ಕಾರಣಕ್ಕೆ. ಬಿಡುವಾಗ ಬಣ್ಣದ ಖರ್ಚು ಯಾರದು, ಪಸೆಯಿಂದ ಹಾಳಾದ ಗೋಡೆ ಯಾರ ಲೆಕ್ಕ ಅನ್ನೋದನ್ನು ಅದರಲ್ಲೇ ಬರೆಸಿ.

ಬೀದಿಗಳಲ್ಲಿ ನನ್ನ ಆಯ್ಕೆ ದುರ್ಗಿಗುಡಿ, ತಿಲಕ್ ನಗರ, ಜಯನಗರದ ಒಳರಸ್ತೆಗಳು. ಔಷಧಿ, ತರಕಾರಿ, ಡಾಕ್ಟರು, ಗೋಪಿ ಸರ್ಕಲ್, ನೆಹರೂ ರಸ್ತೆ ಎಲ್ಲ ಕಾಲಳತೆಯಲ್ಲಿವೆ. ಮನೆಗಳ ಹಿಂದೆ ಕಸ, ಚರಂಡಿ ಕೆಲಸಕ್ಕೆ ಅಂತ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳಲ್ಲಿ ಎಷ್ಟೋ ಈಗ ಅಚ್ಚುಕಟ್ಟಾಗಿವೆ, ಮುಖ್ಯರಸ್ತೆಯ ಗದ್ದಲ ತಪ್ಪಿಸಿ ನಡೆಯಬಹುದು. ಗಾಂಧಿ ಬಜಾರಿನ ಒಳಗೇ ಬೇಕು ಅಂದರೆ ಕೆಳಗೆ ಯಾವ ಅಂಗಡಿ, ಸರಕಿನ ಗಾಡಿ ಎಷ್ಟು ಹೊತ್ತಿಗೆ ಬರುತ್ತೆ ಅಂತ ವಿಚಾರಿಸಿ. ಕೋಟೆ ರಸ್ತೆ ಎಲ್ಲಕ್ಕಿಂತ ಸುಂದರ, ಆದರೆ ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆಯ ಜಾತ್ರೆ ಐದು ದಿನ ನಡೆಯುತ್ತೆ. ಮಂಗಳವಾರ ಶುರುವಾಗಿ ಶನಿವಾರದವರೆಗೆ ಆ ಭಾಗಕ್ಕೆ ಆಟೋ ಸಹ ಬರಲ್ಲ. ಕೋಟೆ ಭೀಮೇಶ್ವರ ದೇವಸ್ಥಾನದ ಗಣಪತಿ ಬಿಡುವ ದಿನವೂ ಅಷ್ಟೇ, ಮೆರವಣಿಗೆ ಮುಗಿಯೋವರೆಗೆ ಊರಿನ ನಡುಭಾಗ ದಾಟೋಕಾಗಲ್ಲ. ಆ ದಿನಗಳಿಗೆ ಆಸ್ಪತ್ರೆ, ರೈಲು ಇಟ್ಟುಕೊಳ್ಳಬೇಡಿ.

ಬಂದ ಮೊದಲ ಭಾನುವಾರ ಶಿವಪ್ಪ ನಾಯಕ ಅರಮನೆಯಿಂದ ಶುರು ಮಾಡಿ. ಸೋಮವಾರ ರಜೆ. ಮರದ ಕಂಬಗಳ ದರ್ಬಾರ್ ಹಾಲ್ ಎಲ್ಲರೂ ನೋಡ್ತಾರೆ. ಅಂಗಳದಲ್ಲಿ ನಿಲ್ಲಿಸಿರುವ ವೀರಗಲ್ಲು, ಮಾಸ್ತಿಗಲ್ಲುಗಳ ಮುಂದೆ ನಿಲ್ಲುವವರು ಕಡಿಮೆ, ಅಲ್ಲಿಗೇ ಹೆಚ್ಚು ಹೊತ್ತು ಕೊಡಿ. ಅಲ್ಲಿಂದ ಕೋಟೆ ಆಂಜನೇಯ, ಹೊಳೆದಂಡೆ, ಆಮೇಲೆ ಗಾಂಧಿ ಬಜಾರ್.

ಊರಾಚೆಗೂ ಕಾರು ಬೇಡ. ಸರ್ಕಾರಿ, ಖಾಸಗಿ ಬಸ್ ನಿಲ್ದಾಣಗಳು ಅಶೋಕ ಸರ್ಕಲ್ ಬಳಿ ಅಕ್ಕಪಕ್ಕದಲ್ಲೇ ಇವೆ. ತೀರ್ಥಹಳ್ಳಿ ಬಸ್ ಹತ್ತಿದರೆ ಗಾಜನೂರು, ಸಕ್ರೆಬೈಲು, ಮಂಡಗದ್ದೆ ಒಂದೇ ದಾರಿಯಲ್ಲಿ ಸಿಗುತ್ತವೆ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆಗಳ ಸ್ನಾನ ನೋಡಬೇಕಾದರೆ ಬೆಳಗ್ಗೆ ಒಂಬತ್ತರೊಳಗೆ ಇರಿ, ಮಧ್ಯಾಹ್ನ ಹೋದರೆ ಬರೀ ಲಾಯ ನೋಡಿ ಬರ್ತೀರಿ. ಮಂಡಗದ್ದೆಯ ಬೆಳ್ಳಕ್ಕಿಗಳು ಗೂಡು ಕಟ್ಟೋದು ಮಳೆಗಾಲದಲ್ಲಿ, ಜನವರಿಯಲ್ಲಿ ಹೋಗಿ ಹಕ್ಕಿನೇ ಇಲ್ಲ ಅನ್ನಬೇಡಿ. ತುಂಗೆ ಭದ್ರೆ ಕೂಡುವ ಕೂಡಲಿ ಹೊಳೆಹೊನ್ನೂರಿನ ಕಡೆ, ಅರ್ಧ ದಿನದ ಮಾತು. ಸಾಗರಕ್ಕೆ ಮಾತ್ರ ಬಸ್ ಬಿಟ್ಟು ತಾಳಗುಪ್ಪದ ರೈಲು ಹಿಡಿಯಿರಿ. ಕುಂಸಿ, ಆನಂದಪುರ ದಾಟಿ ಸಾಗರದಲ್ಲಿ ಇಳಿದರೆ ಇಕ್ಕೇರಿಯ ಅಘೋರೇಶ್ವರ ಆಟೋ ದೂರದಲ್ಲಿದೆ. ಆಟೋದವರಿಗೆ ಕಾಯೋದಕ್ಕೂ ಸೇರಿಸಿ ಮೊದಲೇ ದರ ಮಾತಾಡಿಕೊಳ್ಳಿ, ದೇವಸ್ಥಾನದ ಬಳಿ ವಾಪಸ್ ಗಾಡಿ ಸಿಗೋದು ಕಷ್ಟ.