ತಟ್ಟೆ ಬಿಟ್ಟು ಎದ್ದವಳು

ದೇವರ ವಿಷಯಕ್ಕೆ ಮಾತು ಬಿಟ್ಟ ಅಪ್ಪ-ಮಕ್ಕಳು ವರ್ಷಕ್ಕೆ ಮೂರ್ನಾಲ್ಕು ಜೋಡಿಯಾದರೂ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬರುತ್ತಾರೆ. ಇವರ ಕಥೆ ಬರೆಯುತ್ತಿರುವುದು ಇಲ್ಲಿ ನಾನೇ ಎಡವಿದ್ದಕ್ಕೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಅಪ್ಪ ನಿವೃತ್ತ ಅಧಿಕಾರಿ, ಶ್ರೀವೈಷ್ಣವರು. ಮಗ ಇಂಜಿನಿಯರಿಂಗ್ ಮೂರನೇ ವರ್ಷ. "ಸ್ವಲ್ಪ ಬುದ್ಧಿ ಹೇಳಿ ಮೇಡಂ, ದೇವರೇ ಇಲ್ಲ ಅಂತಾನೆ" ಎಂದು ಕರೆತಂದಿದ್ದರು. ಮಗಳ ಪುಟ್ಟ ಮಗು ತೀರಿಕೊಂಡು ಐದು ತಿಂಗಳಾಗಿತ್ತು. ನಾನು ಎರಡಕ್ಕೂ ಗಂಟು ಹಾಕಿಬಿಟ್ಟೆ. ಹುಡುಗ ಏನು ಹೇಳಿದರೂ ದುಃಖದ ಕಡೆಗೇ ಎಳೆಯುತ್ತಿದ್ದೆ. ಎರಡನೇ ಭೇಟಿಯಲ್ಲಿ ಅವನು ನನ್ನ ನೋಟ್‌ಬುಕ್ ಕಡೆ ಬೆರಳು ತೋರಿಸಿದ. "ಮಗು ಹೋಗೋ ಮುಂಚೆಯೇ ನನಗೆ ನಂಬಿಕೆ ಇರಲಿಲ್ಲ ಮೇಡಂ. ದಯವಿಟ್ಟು ಅದನ್ನ ಕಾಯಿಲೆ ಅಂತ ಬರ್ಕೋಬೇಡಿ."

ಬರೆದಿದ್ದೆ. ಹೊಡೆದುಹಾಕಿದೆ.

ಮೂರನೇ ಸಲ ಇಬ್ಬರನ್ನೂ ಎದುರುಬದುರು ಕೂರಿಸಿ, ಮನೆಯಲ್ಲಿ ಹೇಗೆ ವಾದ ಮಾಡ್ತೀರೋ ಹಾಗೇ ಮಾಡಿ ಅಂದೆ. ಅಪ್ಪನಿಗೆ ಅಷ್ಟು ಸಾಕಾಯಿತು. ಗಡಿಗೆ ಇದೆ ಅಂದರೆ ಕುಂಬಾರ ಇರಲೇಬೇಕು, ಇಷ್ಟು ದೊಡ್ಡ ಜಗತ್ತು ಇದೆ ಅಂದರೆ ಮಾಡಿದವನು ಇಲ್ಲದೆ ಹೇಗೆ? ಇದು ನೈಯಾಯಿಕರ, ಅಂದರೆ ತರ್ಕಕ್ಕೆ ಹೆಸರಾದ ನ್ಯಾಯದರ್ಶನದವರ, ಹಳೇ ವಾದ. ಸಾವಿರ ವರ್ಷದ ಹಿಂದೆ ಉದಯನ 'ನ್ಯಾಯಕುಸುಮಾಂಜಲಿ'ಯಲ್ಲಿ ಅದನ್ನು ಗಟ್ಟಿಯಾಗಿ ಕಟ್ಟಿದ. ಹುಡುಗನೂ ಬಿಡಲಿಲ್ಲ. "ಕುಂಬಾರನಿಗೆ ಕೈ ಇದೆ, ಮಣ್ಣು ಇದೆ, ನಿಂತ್ಕೊಳ್ಳೋಕೆ ಜಾಗ ಇದೆ. ದೇವರಿಗೆ?"

ನನಗೆ ತಡೆಯಲಾಗಲಿಲ್ಲ. "ಸಾರ್, ಗಡಿಗೆಯಿಂದ ದೇವರನ್ನ ಸಾಧಿಸೋಕೆ ಆಗಲ್ಲ ಅಂತ ನಿಮ್ಮ ರಾಮಾನುಜರೇ ಹೇಳಿದ್ದಾರಲ್ವಾ?" ಅಂದೆ. ಬ್ರಹ್ಮಸೂತ್ರಕ್ಕೆ ಅವರು ಬರೆದ ವ್ಯಾಖ್ಯಾನ ಶ್ರೀಭಾಷ್ಯದಲ್ಲಿ, ಮೂರನೇ ಸೂತ್ರದ ಹತ್ತಿರ ಆ ಚರ್ಚೆ ಬರುತ್ತದೆ. ಬೆಟ್ಟ, ಸಮುದ್ರ ಎಲ್ಲವನ್ನೂ ಒಬ್ಬನೇ, ಒಂದೇ ಸಲ ಮಾಡಿದ ಅನ್ನೋದಕ್ಕೆ ಏನು ಆಧಾರ ಎಂದು ಅವರು ಕೇಳುತ್ತಾರೆ. ಬ್ರಹ್ಮ ಗೊತ್ತಾಗುವುದು ಶಾಸ್ತ್ರದಿಂದ, ಊಹೆಯಿಂದಲ್ಲ ಎನ್ನುವುದು ಅವರ ನಿಲುವು. ಮೇಲುಕೋಟೆಯಲ್ಲಿ ನೆಲೆಸಿ ಚೆಲುವನಾರಾಯಣನಿಗೆ ಪೂಜೆ ನಡೆಸಿದವರ ಮಾತಿದು. ಹುಡುಗ ನಕ್ಕ. "ನೀನೂ ಜಾಸ್ತಿ ನಗಬೇಡ, ಅವರು ಬಿಟ್ಟಿದ್ದು ವಾದವನ್ನ, ದೇವರನ್ನಲ್ಲ" ಅಂದೆ.

ಸಲಹೆಗಾರರು ಶಾಸ್ತ್ರಕ್ಕೆ ಕೈ ಹಾಕಬಾರದು ಅಂತ ಜೊತೆಯವರು ನನ್ನನ್ನು ಬೈದರು. ನಾನು ಒಪ್ಪಲಿಲ್ಲ. ವಾದ ಹಿಡಿದು ಬಂದವರಿಗೆ ಬರೀ "ಹೇಗನ್ನಿಸುತ್ತೆ?" ಅಂತ ಕೇಳುತ್ತಾ ಕೂತರೆ ಅದೂ ಒಂದು ಅವಮಾನವೇ. ನನ್ನ ಸ್ವಂತ ನಂಬಿಕೆ ಏನು ಅಂತ ಇಬ್ಬರೂ ಕೇಳಿದರು. ಹೇಳಲಿಲ್ಲ.

ಆಮೇಲೆ ಸುಮ್ನೆ ಕೇಳಿದೆ, ಮನೆಯಲ್ಲಿ ಕೊನೇ ಸಲ ಈ ವಾದ ಆಗಿದ್ದು ಯಾವಾಗ? ಇಬ್ಬರೂ ಗಪ್‌ಚುಪ್. ಸ್ವಲ್ಪ ಹೊತ್ತಿಗೆ ಹುಡುಗ ಹೇಳಿದ. ರಾತ್ರಿ ಊಟ. ಅಕ್ಕ ಬಂದಿದ್ದಳು. ಅವನು ಅದೇ ಹಳೇ ಪ್ರಶ್ನೆ ಎತ್ತಿದ್ದ. ಕೆಟ್ಟದ್ದನ್ನು ತಡೆಯೋ ಮನಸ್ಸಿದ್ದೂ ಶಕ್ತಿ ಇಲ್ಲವಾ, ಶಕ್ತಿ ಇದ್ದೂ ಮನಸ್ಸಿಲ್ಲವಾ? 1779ರಲ್ಲಿ ಅಚ್ಚಾದ, ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮನ ಪುಸ್ತಕದಲ್ಲಿ ಇದು ಪ್ರಾಚೀನ ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸನ ಹೆಸರಲ್ಲಿ ಬರುತ್ತದೆ. ಹುಡುಗ ಅದಕ್ಕೆ ಮಗುವನ್ನೇ ಉದಾಹರಣೆ ಕೊಟ್ಟ. ಅಪ್ಪ ಬ್ರಹ್ಮಸೂತ್ರದ ಉತ್ತರ ಕೊಟ್ಟರು. ದೇವರಿಗೆ ಪಕ್ಷಪಾತವೂ ಇಲ್ಲ, ಕ್ರೌರ್ಯವೂ ಇಲ್ಲ, ಅವರವರ ಕರ್ಮ. ಅಕ್ಕ ಕಲಸಿದ ಸಾರನ್ನವನ್ನು ಹಾಗೇ ಬಿಟ್ಟು ಎದ್ದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದಳು.

"ನಾನು ಅವಳಿಗೆ ಹೇಳಿದ್ದಲ್ಲ ಮೇಡಂ, ಇವನಿಗೆ ಹೇಳಿದ್ದು" ಅಂದರು ಅಪ್ಪ.

"ನಾನೂ ಅಷ್ಟೇ" ಅಂದ ಮಗ.

ಮೂರು ಭೇಟಿಗಳಲ್ಲಿ ಅವರಿಬ್ಬರೂ ಒಂದೇ ಧಾಟಿಯಲ್ಲಿ ಆಡಿದ ಮಾತು ಅದೊಂದೇ.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ವಾದ ಬಿಡಬೇಡಿ, ಅದು ರೋಗವಲ್ಲ. ಆದರೆ ಊಟದ ಹೊತ್ತಲ್ಲಿ ಬೇಡ. ಗಡಿಗೆ ತನ್ನಿ, ಕುಂಬಾರನನ್ನು ತನ್ನಿ, ಮಗುವನ್ನು ತರಬೇಡಿ, ಇಬ್ಬರೂ. ಕರ್ಮದ ಮಾತು ತರ್ಕಕ್ಕೆ ಸರಿಯಾದ ಉತ್ತರವೇ ಇರಬಹುದು, ಮಗು ಕಳಕೊಂಡ ತಾಯಿಯ ಕಿವಿಗೆ ಬಿದ್ದರೆ ಅದು ಆರೋಪ. ಮಗನಿಗೆ ಪೂಜೆಗೆ ಕೂರುವ ಬಲವಂತ ಬೇಡ. ತುಳಸಿ ಕೊಯ್ದು ಕೊಡ್ತೀನಿ ಅಂತ ಅವನೇ ಅಂದ. ಅದನ್ನು ಅಪ್ಪ ಗೆಲುವು ಅಂದುಕೊಳ್ಳಬಾರದು ಅಂತ ಷರತ್ತು ಹಾಕಿದೆ.

ಮಗಳ ಹತ್ತಿರ ಏನು ಹೇಳಲಿ ಅಂತ ಅಪ್ಪ ಕೇಳಿದರು. "ತಪ್ಪಾಯ್ತು ಅನ್ನಿ. ಮುಂದೆ ಒಂದು ಮಾತೂ ಸೇರಿಸಬೇಡಿ" ಅಂದೆ.

ತಿಂಗಳಾದ ಮೇಲೆ ಫೋನ್ ಮಾಡಿದ್ದರು. ಭಾನುವಾರ ತಾರಸಿ ಮೇಲೆ ವಾದ ಜೋರಾಗಿಯೇ ನಡೆಯುತ್ತಿದೆಯಂತೆ. ಮಗಳಿಗೂ ಹೇಳಿದರಂತೆ. ಅವಳು "ಹೂಂ" ಅಂದು ಫೋನ್ ಇಟ್ಟಳಂತೆ.